ತೂಕ ಮನೆಯಲ್ಲೇ ಆಗಲಿ



2024ರ ಆಗಸ್ಟ್ ತಿಂಗಳಿನಲ್ಲಿ ನಾನೂ ನನ್ನ ಪತ್ನಿಯೂ ಮಗಳು ಅಳಿಯಂದಿರ ಜೊತೆಗೆ ಕೆನ್ಯಾ ದೇಶದ ಮಸಾಯಿ ಮಾರಾ ವನ್ಯಧಾಮವನ್ನು ನೋಡಿ ಬಂದ ಸಂಗತಿ ನಿಮ್ಮಲ್ಲಿ ಅನೇಕರಿಗೆ ತಿಳಿದಿದೆ. ಸಿಂಹವನ್ನು ಎಷ್ಟು ಹತ್ತಿರದಿಂದ ಕಂಡಿರಿ, ಅಲ್ಲಿಯ ಆನೆಗಳ ಕಿವಿ ನಿಜಕ್ಕೂ ಅಷ್ಟು ಅಗಲವೇ ಎಂದು ಕೇಳಿದವರಿಗೆಲ್ಲ ಆಗಲೇ ಉತ್ತರಿಸಿದ್ದೇನೆ. ಈಚೆಗೆ ಬರುತ್ತಿರುವ ಪ್ರಶ್ನೆಗಳು ಬೇರೆ ಬಗೆಯವು. ‘ಸಾರ್, ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬೇಕೆಂದಿದ್ದೇವೆ. ಒಬ್ಬೊಬ್ಬರಿಗೆ 15 ಕಿಲೋ ಮಾತ್ರವಂತೆ, ಅದೂ ಕೈಚೀಲ ಸೇರಿ. ನೀವು ಹೇಗೆ ನಿಭಾಯಿಸಿದಿರಿ?’ ಎಂದು ನನ್ನ ಹಳೆಯ ವಿದ್ಯಾರ್ಥಿಗಳು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಹೇಳುವುದಕ್ಕಿಂತ ಇಲ್ಲಿ ಒಮ್ಮೆ ವಿವರವಾಗಿ ಬರೆಯುವುದು ಲೇಸೆಂದು ತೋರಿತು. ಪ್ರಶ್ನೆ ಸಣ್ಣದಾಗಿ ಕಂಡರೂ ಅದರೊಳಗೆ ಹಿರಿಯರ ಆರೋಗ್ಯವೂ ಮರ್ಯಾದೆಯೂ ಅಡಗಿವೆ.

ಗಂಟುಮೂಟೆ ಕಟ್ಟುವುದು ನನಗೆ ಹೊಸ ವಿದ್ಯೆಯಲ್ಲ. ಇಂದು ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದು ಕರೆಯುವ ನಾಲ್ಕು ತಾಲ್ಲೂಕುಗಳಲ್ಲೇ ನನ್ನ ವೃತ್ತಿಜೀವನವೆಲ್ಲ ಕಳೆಯಿತು. ಪಾವಗಡದಲ್ಲಿ ಆರಂಭ, ಆ ಬಳಿಕ ಸಿರಾ, ಅನಂತರ ಕೊರಟಗೆರೆ, ಕೊನೆಗೆ ಮಧುಗಿರಿ. ಪ್ರತಿ ವರ್ಗಾವಣೆಗೂ ಒಂದು ತಗಡಿನ ಟ್ರಂಕು, ಒಂದು ಹಾಸಿಗೆಯ ಸುರುಳಿ, ಪುಸ್ತಕದ ಎರಡು ಗೋಣಿಚೀಲ. ಬಸ್ಸಿನ ಮೇಲೆ ಹತ್ತಿಸುವಾಗ ಕಂಡಕ್ಟರರು ಗೊಣಗಿಕೊಂಡರೂ ಲಗೇಜಿನ ಚೀಟಿ ಹರಿದು ಕೊಡುತ್ತಿದ್ದರು. ಬಸ್ಸಿನ ನೆತ್ತಿಗೆ ಮಿತಿಯೆಂಬುದಿರಲಿಲ್ಲ. ನಮ್ಮ ತಲೆಮಾರಿನವರ ಸಾಮಾನಿನ ಲೆಕ್ಕಾಚಾರವೆಲ್ಲ ಆ ನೆತ್ತಿಯ ಅಳತೆಯಲ್ಲೇ ರೂಪುಗೊಂಡದ್ದು. ‘ಇರಲಿ, ಬೇಕಾದೀತು’ ಎಂಬುದೇ ನಮ್ಮ ಸೂತ್ರ.

ಸಿರಾದಲ್ಲಿದ್ದಾಗ ನಮ್ಮ ಬೀದಿಯ ಹಿರಿಯ ಸಾಬರೊಬ್ಬರು ಪಕ್ಕದ ಹಳ್ಳಿಗೆ ಹೋಗುವುದನ್ನೂ ‘ಸಫರ್’ ಎಂದೇ ಹೇಳುತ್ತಿದ್ದರು. ಅರಬ್ಬಿಯ ಆ ಮಾತು ಉರ್ದುವಿನ ಮೂಲಕ ಸಿರಾದ ಬೀದಿಗೆ ಬಂದಂತೆಯೇ, ವ್ಯಾಪಾರದ ಹಡಗುಗಳೊಡನೆ ಪೂರ್ವ ಆಫ್ರಿಕಾದ ಕರಾವಳಿಗೂ ಹೋಗಿ ಸ್ವಾಹಿಲಿ ಭಾಷೆಯಲ್ಲಿ ‘ಸಫಾರಿ’ಯಾಯಿತು. ಅಲ್ಲಿ ಅದಕ್ಕೆ ಪ್ರಯಾಣ ಎಂದಷ್ಟೇ ಅರ್ಥ. ನಮ್ಮಲ್ಲಿ ಮಾತ್ರ ಸಫಾರಿಯೆಂದರೆ ಬಹುಕಾಲ ಮೇಷ್ಟರುಗಳ ಸಮವಸ್ತ್ರವಾಗಿತ್ತು. ನಾಲ್ಕು ಜೇಬುಗಳ ನನ್ನ ಬೂದುಬಣ್ಣದ ಸಫಾರಿಯನ್ನು ನೆನೆದು ನಗುವವರು ನಿಮ್ಮಲ್ಲಿ ಅನೇಕರಿದ್ದೀರಿ. ಆ ಜೇಬುಗಳ ಪ್ರಸ್ತಾಪ ಮುಂದೆ ಬರುತ್ತದೆ.

ಈಗ ವಿಷಯಕ್ಕೆ ಬರೋಣ. ಈ ಪ್ರಯಾಣದಲ್ಲಿ ಎರಡು ಬಗೆಯ ಮಿತಿಗಳಿವೆ. ದೊಡ್ಡ ವಿಮಾನದೊಳಗೆ ನಮ್ಮ ಜೊತೆಯಲ್ಲೇ ಒಯ್ಯುವ ಚೀಲಕ್ಕೆ ನಮ್ಮ ದೇಶದ ವಿಮಾನಗಳಲ್ಲಿ ಸಾಮಾನ್ಯವಾಗಿ 7 ಕಿಲೋ ಮಿತಿ. ಉದ್ದ 55, ಅಗಲ 35, ದಪ್ಪ 25 ಸೆಂಟಿಮೀಟರು, ಒಟ್ಟು 115 ಮೀರಬಾರದು. ಸಂಸ್ಥೆಯಿಂದ ಸಂಸ್ಥೆಗೆ, ಟಿಕೆಟ್ಟಿನಿಂದ ಟಿಕೆಟ್ಟಿಗೆ ಇದು ಬದಲಾಗುವುದರಿಂದ ನಿಮ್ಮ ಟಿಕೆಟ್ಟಿನಲ್ಲಿ ಬರೆದಿರುವುದನ್ನೇ ಪ್ರಮಾಣವೆಂದು ತಿಳಿಯಿರಿ. ಎರಡನೆಯದು ನೈರೋಬಿ ನಗರದ ವಿಲ್ಸನ್ ನಿಲ್ದಾಣದಿಂದ ಕಾಡಿನ ಬಯಲಿಗೆ ಹಾರುವ ಪುಟ್ಟ ವಿಮಾನದ ಮಿತಿ. ಅಲ್ಲಿ ಸಾಮಾನ್ಯವಾಗಿ ಕೈಚೀಲವೂ ಸೇರಿ ತಲೆಗೆ 15 ಕಿಲೋ. ಚೀಲ ಮೆತ್ತನೆಯದಾಗಿರಬೇಕು, ಗಟ್ಟಿ ಚೌಕಟ್ಟಿನ ಪೆಟ್ಟಿಗೆ ಸಲ್ಲದು. ಏಕೆಂದರೆ ಸೆಸ್ನಾ ಕ್ಯಾರವಾನ್ ಎಂಬ ಆ ವಿಮಾನದಲ್ಲಿ ಸಾಮಾನನ್ನು ಹೊಟ್ಟೆಯ ಕೆಳಗಿನ ಗೂಡಿಗೆ ತುರುಕುತ್ತಾರೆ. ಮಡಿಚಿದರೆ ಮಡಿಯುವ, ಒತ್ತಿದರೆ ಕುಗ್ಗುವ ಚೀಲವೇ ಅಲ್ಲಿಗೆ ಹೊಂದುವುದು.

ಎರಡೂ ಮಿತಿಗಳೇ ಆದರೂ ಇವುಗಳ ಸ್ವಭಾವ ಒಂದೇ ಅಲ್ಲ. 7 ಕಿಲೋ ಎಂಬುದು ಬಹುಮಟ್ಟಿಗೆ ವ್ಯವಸ್ಥೆಯ ನಿಯಮ. ತಲೆಯ ಮೇಲಿನ ಗೂಡಿನಲ್ಲಿ ಎಲ್ಲರಿಗೂ ಸ್ಥಳ ಸಿಗಬೇಕು, ಹತ್ತುವ ಇಳಿಯುವ ಕೆಲಸ ಬೇಗ ಮುಗಿಯಬೇಕು. ಆದುದರಿಂದಲೇ ಜಾಣರು ಭಾರವಾದುದನ್ನು ಅಂಗಿಯ ಜೇಬಿಗೆ ಇಳಿಸಿ ತಕ್ಕಡಿಯನ್ನು ಒಪ್ಪಿಸುತ್ತಾರೆ. ಸಫಾರಿ ಅಂಗಿಯ ನಾಲ್ಕು ಜೇಬುಗಳಿಗೆ ಅಂಥದೊಂದು ಉಪಯೋಗವಿದೆ. ಆದರೆ 15 ಕಿಲೋ ಎಂಬುದು ಅಂಕಗಣಿತ. ಹನ್ನೆರಡು ಜನ ತಲಾ 15 ಕಿಲೋ ತಂದರೆ 180 ಕಿಲೋ. ಅದೇ ಹನ್ನೆರಡು ಜನ ದೊಡ್ಡ ವಿಮಾನದ ರೂಢಿಯಂತೆ 23 ಕಿಲೋ ಪೆಟ್ಟಿಗೆಯನ್ನೂ 7 ಕಿಲೋ ಕೈಚೀಲವನ್ನೂ ತಂದರೆ 360 ಕಿಲೋ. ವ್ಯತ್ಯಾಸ 180 ಕಿಲೋ, ಎಂದರೆ ಮೂವರು ಪ್ರಯಾಣಿಕರ ತೂಕ. ವಿಲ್ಸನ್ ನಿಲ್ದಾಣವಿರುವುದು ಸಮುದ್ರಮಟ್ಟದಿಂದ 1,600 ಮೀಟರಿಗೂ ಮೇಲೆ. ಎತ್ತರದಲ್ಲಿ ಗಾಳಿ ತೆಳು, ಬಿಸಿಲೇರಿದರೆ ಇನ್ನೂ ತೆಳು. ತೆಳುಗಾಳಿ ರೆಕ್ಕೆಯನ್ನು ಎತ್ತುವುದು ಕಡಿಮೆ. ಇಳಿಯಬೇಕಾದದ್ದು ಹುಲ್ಲು ಮಣ್ಣಿನ ಬಯಲಿನ ಮೇಲೆ. ಅಲ್ಲಿ ಜೇಬಿಗೆ ಇಳಿಸಿದ ತೂಕವೂ ತೂಕವೇ. ಎಂಟನೆಯ ತರಗತಿಯ ವಿಜ್ಞಾನದ ಪಾಠವನ್ನು ವಂಚಿಸಲು ಯಾವ ಜೇಬಿನಿಂದಲೂ ಸಾಧ್ಯವಿಲ್ಲ.

ನಾವು ಹೊರಟ ರಾತ್ರಿ ವಿಮಾನ ನಿಲ್ದಾಣದ ಸಾಲಿನಲ್ಲಿ ಕಂಡ ಒಂದು ದೃಶ್ಯವನ್ನು ಇಲ್ಲಿ ಹೇಳಲೇಬೇಕು. ನಮ್ಮ ಮುಂದೆ ನನ್ನ ಪತ್ನಿಯ ವಯಸ್ಸಿನ ಹೆಂಗಸೊಬ್ಬರು ನಿಂತಿದ್ದರು. ಅವರ ಮಾತಿನ ಧಾಟಿಯಿಂದಲೇ ನಮ್ಮ ಸೀಮೆಯವರೆಂದು ತಿಳಿಯುತ್ತಿತ್ತು. ಮಗನ ಮನೆಗೆ ಹೊರಟಿದ್ದರು. ಪೆಟ್ಟಿಗೆಯ ತೂಕ ಮೀರಿತ್ತು. ನೆಲದ ಮೇಲೆ ಕುಳಿತು ಅದನ್ನು ಬಿಚ್ಚಿದರು. ಸೀರೆಗಳ ನಡುವಿನಿಂದ ಹುರಿಹಿಟ್ಟಿನ ಡಬ್ಬ, ಮೂರು ಬಟ್ಟೆ ಸುತ್ತಿದ ಮಾವಿನ ಉಪ್ಪಿನಕಾಯಿ, ಹತ್ತಿಪ್ಪತ್ತು ಕೊಬ್ಬರಿ ಗಿಟುಕುಗಳು ಒಂದೊಂದಾಗಿ ಹೊರಬಂದವು. ಕೊಬ್ಬರಿ ಒಯ್ಯುವಂತಿಲ್ಲವೆಂದು ಸಿಬ್ಬಂದಿ ಇಂಗ್ಲಿಷಿನಲ್ಲಿ ಹೇಳಿದರು. ಕಳುಹಿಸಲು ಬಂದಿದ್ದ ತರುಣ ಕೈಗಡಿಯಾರ ನೋಡಿಕೊಂಡು ‘ಮೊದಲೇ ಹೇಳಿರಲಿಲ್ಲವೇ’ ಎಂದು ಗದರಿದ. ಆಕೆ ಉತ್ತರಿಸಲಿಲ್ಲ. ಒಳಗಿನ ಲಂಗ ಕುಪ್ಪಸಗಳು ಅಪರಿಚಿತರ ಕಣ್ಣಿಗೆ ಬೀಳದಂತೆ ಸೆರಗಿನಿಂದ ಮರೆಮಾಡುವುದರಲ್ಲೇ ಅವರ ಗಮನವೆಲ್ಲ ಇತ್ತು. ನನ್ನ ಪತ್ನಿ ಹೋಗಿ ಅವರ ಪಕ್ಕದಲ್ಲಿ ಕುಳಿತು ಪೆಟ್ಟಿಗೆ ಮುಚ್ಚಲು ನೆರವಾದಳು.

ನಿಯಮ ತಪ್ಪೆಂದು ನಾನು ಹೇಳಲಾರೆ. ಒಣ ಕೊಬ್ಬರಿಯಲ್ಲಿ ಎಣ್ಣೆಯ ಅಂಶ ಹೇರಳ. ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ಪದಾರ್ಥವಾದುದರಿಂದ ವಿಶ್ವಸಂಸ್ಥೆಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಅದಕ್ಕೆ 1363 ಎಂಬ ಸಂಖ್ಯೆಯಿದೆ. ಸಾಮಾನು ಕೋಣೆಗೆ ಹೋಗುವ ಪೆಟ್ಟಿಗೆಯಲ್ಲಿ ಅದನ್ನು ಇಡಗೊಡುವುದಿಲ್ಲ. ಆದರೆ ತಿಪಟೂರಿನ ಕೊಬ್ಬರಿ ದೇಶಕ್ಕೆಲ್ಲ ಹೆಸರಾದ ಜಿಲ್ಲೆಯ ತಾಯಿಗೆ ಕೊಬ್ಬರಿಯೆಂದರೆ ಬೆಂಕಿಯ ವಸ್ತುವೆಂದು ಹೊಳೆಯುವುದು ಹೇಗೆ? ಮಡಿಲು ತುಂಬುವ ವಸ್ತುವದು. ಅದು ಅಪಾಯದ ಸರಕೆಂಬುದನ್ನು ಆಕೆ ಅರ್ಧರಾತ್ರಿಯಲ್ಲಿ, ನೂರು ಜನರೆದುರು, ನೆಲದ ಮೇಲೆ ಕುಳಿತು ಕಲಿಯಬೇಕಾಗಿ ಬಂತಲ್ಲ ಎಂಬುದೇ ನನ್ನ ಸಂಕಟ. ಅದೇ ಪಾಠವನ್ನು ಮನೆಯ ಜಗಲಿಯಲ್ಲಿ, ಒಂದು ವಾರ ಮುಂಚೆ, ಕಾಫಿ ಕುಡಿಯುತ್ತ ಹೇಳಿಕೊಡಬಹುದಿತ್ತು.

ಆದುದರಿಂದ ಮಕ್ಕಳು ಹಿರಿಯರಿಗೆ ಮೊದಲೇ ತಿಳಿಸಬೇಕಾದ ಕೆಲವು ಸಂಗತಿಗಳನ್ನು ಹೇಳುತ್ತೇನೆ. ಕೈಚೀಲದಲ್ಲಿ ಒಯ್ಯುವ ದ್ರವಪದಾರ್ಥ, ಎಣ್ಣೆ, ಮುಲಾಮು, ಹಲ್ಲುಜ್ಜುವ ಪೇಸ್ಟು ಇವು ಒಂದೊಂದೂ 100 ಮಿಲಿಲೀಟರಿನ ಒಳಗಿನ ಶೀಶೆಯಲ್ಲಿದ್ದು, ಎಲ್ಲವೂ ಒಂದು ಲೀಟರು ಹಿಡಿಯುವ ಪಾರದರ್ಶಕ ಚೀಲದಲ್ಲಿ ಹಿಡಿಸಬೇಕು. ಖಾರದಪುಡಿ, ಮೆಣಸಿನಕಾಯಿಯ ಉಪ್ಪಿನಕಾಯಿ ಕೈಚೀಲಕ್ಕೆ ಸಲ್ಲವು. ಕತ್ತರಿ, ಚಾಕು, ಅಡಕತ್ತರಿಗಳೂ ಅಷ್ಟೇ. ಫೋನಿಗೆ ವಿದ್ಯುತ್ ತುಂಬುವ ಪವರ್ ಬ್ಯಾಂಕಿನ ನಿಯಮ ಇದಕ್ಕೆ ವಿರುದ್ಧವಾದುದು. ಅದನ್ನು ಕೈಚೀಲದಲ್ಲೇ ಇಡಬೇಕು, ಸಾಮಾನು ಕೋಣೆಯ ಪೆಟ್ಟಿಗೆಯಲ್ಲಿ ಇಡಲೇಬಾರದು. 100 ವಾಟ್‌ಅವರ್‌ವರೆಗೆ ವಿಶೇಷ ಅನುಮತಿ ಬೇಡ. 20,000 ಮಿಲಿಆಂಪ್‌ಅವರ್ ಎಂದು ಬರೆದಿರುವುದು ಲೆಕ್ಕ ಹಾಕಿದರೆ 74 ವಾಟ್‌ಅವರ್ ಆಗುತ್ತದೆ, ತೊಂದರೆಯಿಲ್ಲ. ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರಕ್ಕೆ ತೂಕವೇ ಇಲ್ಲ, ಆದರೆ ಅದಿಲ್ಲದೆ ಕೆನ್ಯಾದಿಂದ ಮರಳಿದವರನ್ನು ಇಲ್ಲಿ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಹಾಕಿಸಿದ ಹತ್ತು ದಿನಗಳ ಅನಂತರವೇ ಪತ್ರಕ್ಕೆ ಬೆಲೆ. ಅರವತ್ತು ದಾಟಿದವರು ಈ ಲಸಿಕೆಯನ್ನು ವೈದ್ಯರೊಡನೆ ಚರ್ಚಿಸದೆ ಹಾಕಿಸಿಕೊಳ್ಳಬಾರದು. ಇದನ್ನು ಕೊನೆಯ ವಾರಕ್ಕೆ ಬಿಡಬೇಡಿ.

ಒಯ್ಯಬಾರದ್ದನ್ನು ಹೇಳಿದೆ. ಒಯ್ಯಬೇಕಾಗಿಲ್ಲದ್ದರ ಪಟ್ಟಿ ಇದಕ್ಕಿಂತ ಸ್ವಾರಸ್ಯವಾದುದು. ಹೊರಡುವ ಮುನ್ನ ನಮ್ಮ ನೆಂಟರೊಬ್ಬರು ‘ಅಲ್ಲಿ ಏನು ತಿನ್ನುತ್ತೀರಿ’ ಎಂದು ಮರುಗಿ ಎರಡು ಕಿಲೋ ರಾಗಿಹಿಟ್ಟನ್ನು ತಂದಿತ್ತರು. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನಾಡು. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದಲೇ ಅದು ನಮ್ಮ ಕೆಂಪು ನೆಲಕ್ಕೆ ಬಂದದ್ದು. ಕೆನ್ಯಾದಲ್ಲಿ ಇಂದಿಗೂ ಅದು ‘ವಿಂಬಿ’ ಎಂಬ ಹೆಸರಿನಿಂದ ಸಿಗುತ್ತದೆ, ಅದರ ಗಂಜಿಯನ್ನು ಬೆಳಗ್ಗೆ ಕುಡಿಯುತ್ತಾರೆ. ಅವರ ‘ಉಗಾಲಿ’ ಎಂಬುದು ಹೆಚ್ಚಾಗಿ ಮೆಕ್ಕೆಜೋಳದ ಹಿಟ್ಟಿನದಾದರೂ ಕಾಣುವುದಕ್ಕೂ ಮುರಿದು ತಿನ್ನುವುದಕ್ಕೂ ನಮ್ಮ ಮುದ್ದೆಯ ಸೋದರನೇ. ಚಪಾತಿಯಂತೂ ಅಲ್ಲಿಯ ಮನೆಮಾತು. 1896ರಿಂದ 1901ರವರೆಗೆ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗೆ ರೈಲುಹಾದಿ ಹಾಸಲು ಭಾರತದಿಂದ ಹೋದ ಮೂವತ್ತು ಸಾವಿರಕ್ಕೂ ಹೆಚ್ಚು ಕೂಲಿಕಾರರ ಕಾಲದಿಂದ ಚಪಾತಿಯೂ ಅಲ್ಲಿ ನೆಲೆಯಾಯಿತು. ಈ ಸಂಗತಿ ತಿಳಿಸಿದ ಮೇಲೆ ನೆಂಟರು ನಕ್ಕು ಹಿಟ್ಟನ್ನು ಹಿಂದಕ್ಕೊಯ್ದರು. ಭೂಗೋಳ, ಚರಿತ್ರೆಗಳ ಓದಿನಿಂದ ಎರಡು ಕಿಲೋ ಭಾರ ಇಳಿಯಿತು.

ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿಡುವ ನಮ್ಮ ಅಭ್ಯಾಸವನ್ನೂ ಬಿಡಬೇಕು. ಕೆನ್ಯಾದಲ್ಲಿ ಅವುಗಳಿಗೆ 2017ರ ಆಗಸ್ಟ್ 28ರಿಂದ ನಿಷೇಧವಿದೆ. 2020ರ ಜೂನ್ 5ರಿಂದ ಒಮ್ಮೆ ಬಳಸಿ ಎಸೆಯುವ ನೀರಿನ ಬಾಟಲಿ, ಲೋಟಗಳೂ ಅಲ್ಲಿಯ ರಕ್ಷಿತ ವನ್ಯಪ್ರದೇಶಗಳಿಗೆ ಸಲ್ಲವು. ನನ್ನ ಪತ್ನಿ ಹಳೆಯ ಪಂಚೆ ಹರಿದು ಲಾಡಿ ಹಾಕಿದ ಆರು ಪುಟ್ಟ ಚೀಲಗಳನ್ನು ಹೊಲಿದಳು. ಬಟ್ಟೆಯ ಬಣ್ಣದ ಬಗೆಗೂ ಒಂದು ಮಾತು. ಕಡುನೀಲಿ, ಕಪ್ಪು ಬಣ್ಣಗಳು ತ್ಸೆತ್ಸೆ ಎಂಬ ಕಚ್ಚುವ ನೊಣವನ್ನು ಸೆಳೆಯುತ್ತವೆ. ಸೈನಿಕರ ಉಡುಪನ್ನು ಹೋಲುವ ಮಚ್ಚೆಬಟ್ಟೆಯನ್ನು ಆ ದೇಶದಲ್ಲಿ ಸಾಮಾನ್ಯರು ತೊಡಬಾರದು. ಮಣ್ಣಿನ ಬಣ್ಣದ, ಬೇಗ ಒಣಗುವ ಬಟ್ಟೆಯೇ ಉತ್ತಮ. ರಾತ್ರಿ ಒಗೆದು ಹರವಿದರೆ ಮರುದಿನ ಮಧ್ಯಾಹ್ನದ ಹೊತ್ತಿಗೆ ಸಿದ್ಧ.

ಕೊರಟಗೆರೆಯಲ್ಲಿ ನನ್ನ ಬಳಿ ಓದಿದವರಿಗೆ ಸಿದ್ಧರಬೆಟ್ಟದ ಪ್ರವಾಸ ನೆನಪಿರಬಹುದು. ‘ಯಾರು ಕಟ್ಟಿದರೋ ಅವರೇ ಹೊರಬೇಕು’ ಎಂಬುದು ಅಂದಿನ ನಿಯಮ. ಮೊದಲ ವರ್ಷ ಉಬ್ಬಿದ ಚೀಲ ತಂದವರು ಮರುವರ್ಷ ಒಂದು ಟವಲು, ಒಂದು ಬುತ್ತಿ ಹಿಡಿದು ಬರುತ್ತಿದ್ದರು. ಅದೇ ನಿಯಮವನ್ನು ನಾನೂ ಪತ್ನಿಯೂ ನಮಗೆ ವಿಧಿಸಿಕೊಂಡೆವು. ಪರಿಚಯದ ದಿನಸಿ ಅಂಗಡಿಯ ತಕ್ಕಡಿಯಲ್ಲಿ ಒಂದೊಂದನ್ನೂ ಇಟ್ಟು ತೂಗಿ ಬರೆದುಕೊಂಡೆವು. ನನ್ನ ಲೆಕ್ಕ ಹೀಗಿತ್ತು. ಖಾಲಿ ಚೀಲ 800 ಗ್ರಾಂ, ಮೂರು ಅಂಗಿ 750, ಎರಡು ಷರಾಯಿ 900, ಒಳಉಡುಪು ಮತ್ತು ಕಾಲುಚೀಲ 600, ಸ್ವೆಟರು 500, ಒಂದು ಪಂಚೆ 300, ಚಪ್ಪಲಿ 400, ದುರ್ಬೀನು 700, ಔಷಧ 400, ಸ್ನಾನದ ಸಾಮಗ್ರಿ 400, ಪವರ್ ಬ್ಯಾಂಕು ಮತ್ತು ತಂತಿಗಳು 500, ಒಂದು ನೋಟುಬುಕ್ಕು ಒಂದು ಪುಸ್ತಕ 300, ಎರಡನೆಯ ಕನ್ನಡಕ 100. ಒಟ್ಟು 6 ಕಿಲೋ 650 ಗ್ರಾಂ. ದೊಡ್ಡ ವಿಮಾನದ 7 ಕಿಲೋಗೂ ಒಳಗೆ. ಪುಟ್ಟ ವಿಮಾನದ 15 ಕಿಲೋದಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿಯಿತು. ಪಂಚೆ ಉಡಲೂ ಹೊದೆಯಲೂ ಒರೆಸಿಕೊಳ್ಳಲೂ ಆಗುವುದರಿಂದ ಮೂರು ವಸ್ತುಗಳ ಕೆಲಸವನ್ನು ಒಂದೇ ಮಾಡಿತು. ಸ್ವೆಟರನ್ನು ಮಾತ್ರ ಯಾರೂ ಬಿಡಬೇಡಿ. ಸಮಭಾಜಕ ವೃತ್ತದ ಹತ್ತಿರವಾದರೂ ಆ ಎತ್ತರದ ಬಯಲಿನಲ್ಲಿ ನಸುಕಿನ ತೆರೆದ ಜೀಪು ನಡುಕ ಹುಟ್ಟಿಸುತ್ತದೆ.

ಕಟ್ಟಿದ ಚೀಲವನ್ನು ಪರೀಕ್ಷಿಸದೆ ಹೊರಡಬಾರದೆಂದು ಒಂದು ಭಾನುವಾರ ಅದನ್ನೇ ಹೆಗಲಿಗೇರಿಸಿ ನಮ್ಮ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗೆ ಹೋದೆವು. ಅಲ್ಲಿಯ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವನ್ನು ನೋಡದ ಮಧುಗಿರಿಯವರೇ ಅನೇಕರಿದ್ದಾರೆ. 798 ಎಕರೆಗಳ ಆ ಹುಲ್ಲುಗಾವಲನ್ನು 2007ರಲ್ಲಿ ಸಂರಕ್ಷಿತವೆಂದು ಘೋಷಿಸಲಾಯಿತು. ನಸುಕಿನಲ್ಲಿ ವೀಕ್ಷಣಾ ಗೋಪುರವನ್ನು ಏರಿ ಕುಳಿತೆವು. ಸುರುಳಿಗೊಂಬಿನ ಗಂಡುಮೃಗವೊಂದು ಹಿಂಡಿನ ಮುಂದೆ ತಲೆಯೆತ್ತಿ ನಿಂತಿತ್ತು. ಆ ಬೆಳಗ್ಗೆ ನಾವು ಬಳಸಿದ್ದು ದುರ್ಬೀನು, ನೀರು, ಟೋಪಿ, ಕನ್ನಡಕ ಇಷ್ಟೇ. ಉಳಿದುದೆಲ್ಲ ಚೀಲದೊಳಗೇ ಇದ್ದವು. ಕಾಡು ನೋಡುವವನಿಗೆ ಬೇಕಾದದ್ದು ಬಹಳ ಸ್ವಲ್ಪವೆಂಬುದು ಅಲ್ಲಿಯೇ ಮನವರಿಕೆಯಾಯಿತು. ಸಿರಾ ಕಡೆಯವರು ಕಗ್ಗಲಡುವಿಗೆ ಹೋಗಿ ಹುಣಸೆಮರಗಳ ಮೇಲೆ ಗೂಡುಕಟ್ಟುವ ಬಣ್ಣದ ಕೊಕ್ಕರೆಗಳನ್ನು ನೋಡುತ್ತ ಇದೇ ಪರೀಕ್ಷೆಯನ್ನು ಮಾಡಬಹುದು.

ಇನ್ನು ಎಲ್ಲಕ್ಕಿಂತ ಮುಖ್ಯವಾದುದು. ನನ್ನ ಪತ್ನಿ ಹನ್ನೆರಡು ವರ್ಷಗಳಿಂದ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದಾಳೆ. ಇನ್ಸುಲಿನ್ನನ್ನು ಸಾಮಾನು ಕೋಣೆಗೆ ಕಳುಹಿಸಬಾರದು. ಅಲ್ಲಿಯ ಚಳಿಗೆ ಹೆಪ್ಪುಗಟ್ಟಿದರೆ ಅದು ಕೆಟ್ಟಂತೆಯೇ. ವೈದ್ಯರ ಚೀಟಿಯಿದ್ದರೆ ಔಷಧಕ್ಕೆ 100 ಮಿಲಿಲೀಟರಿನ ನಿರ್ಬಂಧವೂ ಇಲ್ಲ. ಆಕೆ ತನ್ನ ಚೀಲದೊಳಗೆ ಮೇಲ್ಗಡೆಯಲ್ಲೇ ಇನ್ನೊಂದು ಪುಟ್ಟ ಬಟ್ಟೆಚೀಲವನ್ನು ಇಟ್ಟಿದ್ದಳು. ಇನ್ಸುಲಿನ್, ಸೂಜಿ, ಒಂದು ದಿನದ ಮಾತ್ರೆ, ವೈದ್ಯರ ಚೀಟಿ, ಪಾಸ್‌ಪೋರ್ಟು, ಲಸಿಕೆಯ ಪತ್ರ, ನಾಲ್ಕು ಬಿಸ್ಕತ್ತು, ಪವರ್ ಬ್ಯಾಂಕು. ಹೋಗುವಾಗ ಎರಡನೆಯ ವಿಮಾನದ ಬಾಗಿಲಿನಲ್ಲೇ ‘ಮೇಲೆ ಸ್ಥಳವಿಲ್ಲ, ಈ ಚೀಲಗಳನ್ನು ಕೆಳಗೆ ಕಳುಹಿಸುತ್ತೇವೆ’ ಎಂದು ಸಿಬ್ಬಂದಿ ನಮ್ಮ ಚೀಲಗಳಿಗೆ ಕೈಹಾಕಿದರು. ತೂಕ ಅಳತೆ ಎರಡೂ ಸರಿಯಿದ್ದರೂ ಹೀಗಾಗಬಹುದು. ಹಿಂದೆ ಜನ ನೂಕುತ್ತಿದ್ದರು, ವಾದಕ್ಕೆ ಅವಕಾಶವಿರಲಿಲ್ಲ. ಆಕೆ ಲಾಡಿ ಹಿಡಿದು ಪುಟ್ಟ ಚೀಲವನ್ನು ಎಳೆದುಕೊಂಡು ಕೊರಳಿಗೆ ಹಾಕಿಕೊಂಡಳು, ದೊಡ್ಡದನ್ನು ಕೊಟ್ಟಳು. ಐದು ಸೆಕೆಂಡುಗಳ ಕೆಲಸ. ಆ ಐದು ಸೆಕೆಂಡುಗಳಿಗೆ ಸಿದ್ಧವಾಗಿರದಿದ್ದರೆ ಮುಂದಿನ ವಾರ ಕಾಡಿನ ನಡುವೆ ನಾವು ಏನು ಮಾಡುತ್ತಿದ್ದೆವೆಂದು ನಾನು ಇಂದಿಗೂ ಯೋಚಿಸಲಾರೆ. ಡೇರೆಯಲ್ಲಿ ಇನ್ಸುಲಿನ್ನನ್ನು ತಂಪಾಗಿ ಇಡಲು ನೀರಿನಲ್ಲಿ ನೆನೆಸಿದರೆ ಆರುತ್ತ ಆರುತ್ತ ತಂಪು ಕೊಡುವ ಪುಟ್ಟ ಚೀಲ ಸಿಗುತ್ತದೆ. ಪಾವಗಡದ ಬೇಸಗೆಯಲ್ಲಿ ನೀರಿನ ಹೂಜಿಗೆ ಒದ್ದೆ ಗೋಣಿ ಸುತ್ತುತ್ತಿದ್ದ ಅದೇ ತತ್ತ್ವ.

ಮಾರಾದ ಬಯಲಿನಲ್ಲಿ ನಾನು ಬಹಳ ಹೊತ್ತು ನೋಡಿದ್ದು ಸಿಂಹವನ್ನಲ್ಲ, ವನ್ಯಧಾಮದ ಅಂಚಿನಲ್ಲಿ ದನ ಮೇಯಿಸುತ್ತಿದ್ದ ಒಬ್ಬ ಮಸಾಯಿ ಮುದುಕನನ್ನು. ಮೈಮೇಲೆ ಒಂದು ಕೆಂಪು ಹೊದಿಕೆ, ಕೈಯಲ್ಲಿ ಒಂದು ಕೋಲು, ಹೆಗಲಿಗೆ ಹಾಲು ತುಂಬುವ ಸೋರೆಬುರುಡೆ. ದಿನವಿಡೀ ಸಿಂಹಗಳು ಸುಳಿಯುವ ನೆಲದಲ್ಲಿ ಅಷ್ಟೇ ಆತನ ಸಾಮಾನು. ಸಿರಾ, ಪಾವಗಡಗಳ ಕಡೆ ಮಳೆ ಕೈಕೊಟ್ಟ ವರ್ಷಗಳಲ್ಲಿ ಮಂದೆ ಹೊಡೆದುಕೊಂಡು ತಿಂಗಳುಗಟ್ಟಲೆ ಹೊರಡುತ್ತಿದ್ದ ನಮ್ಮ ಕುರಿಗಾಹಿಗಳು ಕಣ್ಣೆದುರಿಗೆ ಬಂದರು. ಒಂದು ಕಂಬಳಿ, ಒಂದು ಕೋಲು, ಒಂದು ಬುತ್ತಿ. ಕಂಬಳಿಯೇ ಹಾಸಿಗೆ, ಕೊಪ್ಪೆ ಹಾಕಿದರೆ ಕೊಡೆ, ಮಡಿಚಿದರೆ ಮಣೆ. ಅವರ ಮಕ್ಕಳಿಗೆ ಪಾಠ ಹೇಳಿದವನು ನಾನು. ಆ ತಂದೆಯರು ಬಲ್ಲ ಈ ಪಾಠ ನಮ್ಮ ಪುಸ್ತಕಗಳಲ್ಲಿ ಇರಲಿಲ್ಲ. ದಾರಿಯನ್ನೂ ದಾರಿಯ ಜನರನ್ನೂ ಬಲ್ಲವನ ಗಂಟು ಚಿಕ್ಕದಾಗುತ್ತದೆ. ದಾರಿ ತಿಳಿಯದವನು ತನ್ನ ಅಂಜಿಕೆಯನ್ನೇ ಮಡಿಚಿ ಪೆಟ್ಟಿಗೆಯಲ್ಲಿ ತುಂಬುತ್ತಾನೆ.

ಆದುದರಿಂದ, ಹಿರಿಯರನ್ನು ಕರೆದೊಯ್ಯಲಿರುವ ನನ್ನ ಶಿಷ್ಯರಲ್ಲಿ ಒಂದು ಕೋರಿಕೆ. ಟಿಕೆಟ್ಟು ಕಾದಿರಿಸಿದ ವಾರವೇ ಊರಿಗೆ ಬನ್ನಿ. ಜಗಲಿಯಲ್ಲಿ ಚಾಪೆ ಹಾಸಿ, ತಕ್ಕಡಿಯಿಟ್ಟು, ಒಂದೊಂದು ವಸ್ತುವನ್ನೂ ಅವರ ಕೈಯಿಂದಲೇ ಎತ್ತಿಡಿಸಿ. ಬೇಡವೆನ್ನುವುದಕ್ಕೆ ಮೊದಲು ಏಕೆ ಬೇಡವೆಂದು ಹೇಳಿ. ಕೊಬ್ಬರಿ ಏಕೆ ಸಲ್ಲದು, ರಾಗಿ ಏಕೆ ಬೇಕಿಲ್ಲ ಎಂಬುದನ್ನು ತಿಳಿದ ಮೇಲೆ ನಮ್ಮ ಹಳ್ಳಿಯ ಯಾವ ಅಜ್ಜಿಯೂ ಹಟ ಮಾಡುವವಳಲ್ಲ. ಔಷಧದ ಪುಟ್ಟ ಚೀಲವನ್ನು ಕೊರಳಿಗೆ ಹಾಕಿಕೊಳ್ಳುವುದನ್ನು ಎರಡು ಸಲ ಅಭ್ಯಾಸ ಮಾಡಿಸಿ. ತೂಕವೆಲ್ಲ ಮನೆಯಲ್ಲೇ ಆಗಲಿ. ನಿಲ್ದಾಣದ ಸಾಲಿನಲ್ಲಿ ಅವರು ನೆಲದ ಮೇಲೆ ಕೂರದೆ, ತಲೆಯೆತ್ತಿ, ನಿಮ್ಮ ಪಕ್ಕದಲ್ಲಿ ನಿಂತಿರಲಿ.

ಹೋಗಿಬನ್ನಿ, ಶುಭವಾಗಲಿ.